ಅಮೆರಿಕದಲ್ಲಿ ವಿಟಮಿನ್ ಡಬ್ಬ ಕೊಳ್ಳುವ ಮುಂಚೆ: ನಮ್ಮವರಿಗೊಂದು ಮಾರ್ಗದರ್ಶಿ

ಅಮೆರಿಕಕ್ಕೆ ಬಂದ ನಮ್ಮವರು ಮೊದಲ ಚಳಿಗಾಲದಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಇಲ್ಲಿ ಯಾವ ವಿಟಮಿನ್ ತಗೋಬೇಕು?" ಕೂದಲು ಉದುರುತ್ತಿರುತ್ತದೆ, ಮಧ್ಯಾಹ್ನಕ್ಕೇ ಸುಸ್ತು, ಮಂಡಿ ನೋವು, ವಾರಗಟ್ಟಲೆ ಬಿಸಿಲಿನ ಸುಳಿವಿಲ್ಲ. ಆಫೀಸಿನಲ್ಲಿ ಒಬ್ಬರು ಒಂದು ಹೆಸರು ಹೇಳುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಇನ್ನೊಂದು ಬರುತ್ತದೆ. ಕಾಸ್ಟ್ಕೋಗೆ ಹೋದರೆ ಮುನ್ನೂರು ಮಾತ್ರೆಯ ಡಬ್ಬಗಳು ಸಾಲಾಗಿ ಕಾಣುತ್ತವೆ. ಮನೆಗೆ ಬರುವಾಗ ನಾಲ್ಕು ಡಬ್ಬ ಕೈಯಲ್ಲಿರುತ್ತವೆ. ಅದರಲ್ಲಿ ಎಷ್ಟೋ ಸಲ ಮೂರು ಬೇಕಾಗಿಯೇ ಇರುವುದಿಲ್ಲ.

ದೇಹಕ್ಕೆ ಏನು ಕಡಿಮೆಯಿದೆ ಎಂದು ತಿಳಿದುಕೊಳ್ಳಿ, ಅದೊಂದನ್ನೇ ಕೊಳ್ಳಿ, ಕೊಳ್ಳುವಾಗ ಡಬ್ಬದ ಹಿಂಭಾಗ ಓದಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಇದನ್ನು ಮಾಡೋದು ಹೇಗೆ ಅನ್ನೋದನ್ನು ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ. ಹೆಚ್ಚಿನದು ಅಮೆರಿಕದ ವಿಷಯ. ಬೇರೆ ದೇಶದಲ್ಲಿ ಇರುವವರಿಗೂ ಅಲ್ಲಲ್ಲಿ ಒಂದೆರಡು ಮಾತಿದೆ. ಇದನ್ನು ಓದಿ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬೇಡಿ. ಅವರ ಹತ್ತಿರ ಏನು ಕೇಳಬೇಕು ಅನ್ನೋದೂ ಇದರಲ್ಲಿದೆ.

ಹಂತ 1: ಮೊದಲು ರಕ್ತ ಪರೀಕ್ಷೆ, ಆಮೇಲೆ ಅಂಗಡಿ

ವರ್ಷಕ್ಕೊಮ್ಮೆ ಫಿಸಿಕಲ್‌ಗೆ, ಅಂದರೆ ಡಾಕ್ಟರ ಹತ್ತಿರ ಪೂರ್ತಿ ತಪಾಸಣೆಗೆ, ಹೋಗುತ್ತೀರಲ್ವಾ, ಆಗ ನೀವಾಗಿಯೇ ಬಾಯಿಬಿಟ್ಟು ಹೇಳಿ: "ನಾನು ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯನ್ನೂ ತಿನ್ನುವುದಿಲ್ಲ." ಬರೀ ವೆಜಿಟೇರಿಯನ್ ಅಂದರೆ ಇಲ್ಲಿ ಮೊಟ್ಟೆ ತಿನ್ನುವವರು ಅಂದುಕೊಳ್ಳುವುದೇ ಜಾಸ್ತಿ. ಆಮೇಲೆ ಬಿ12, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಸುಸ್ತು ಇದ್ದರೆ ಥೈರಾಯ್ಡ್‌ಗೆ ಟಿಎಸ್‌ಎಚ್ ನೋಡಬಹುದೇ ಎಂದು ಕೇಳಿ. ಫೆರಿಟಿನ್ ಅಂದರೆ ದೇಹದಲ್ಲಿ ಕೂಡಿಟ್ಟಿರುವ ಕಬ್ಬಿಣದ ಲೆಕ್ಕ. ಹಿಮೋಗ್ಲೋಬಿನ್ ಸರಿಯಿದ್ದರೂ ಇದು ತಳ ಮುಟ್ಟಿರಬಹುದು.

ವಿಟಮಿನ್ ಡಿ ವಿಷಯದಲ್ಲಿ ಡಾಕ್ಟರು "ಪರೀಕ್ಷೆ ಬೇಡ" ಎನ್ನಬಹುದು. ಅದು ಉದಾಸೀನ ಅಲ್ಲ. ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ನೆ ಡಿ ಪರೀಕ್ಷೆ ಮಾಡಿಸುವುದು ಬೇಡ ಎಂದು ಇಲ್ಲಿನ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2024ರಲ್ಲೇ ಹೇಳಿದೆ. ವಿಮೆಯವರು ಇದರ ಹಣ ಕೊಡದೆಯೂ ಇರಬಹುದು. ಹಾಗಾಗಿ ರಕ್ತ ಕೊಡುವ ಮೊದಲೇ "ಇದಕ್ಕೆ ನನ್ನ ವಿಮೆ ಬರುತ್ತದೆಯೇ? ಇಲ್ಲದಿದ್ದರೆ ಎಷ್ಟಾಗುತ್ತದೆ?" ಎಂದು ಕೇಳಿಬಿಡಿ. ಬಿಲ್ಲು ಬಂದ ಮೇಲೆ ವಾದ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ರಿಪೋರ್ಟ್ ಬಂದಾಗ ಅಂಕಿಯ ಪಕ್ಕದ ಅಳತೆಯನ್ನು ನೋಡಿ. ಅಮೆರಿಕ ಮತ್ತು ಭಾರತದಲ್ಲಿ ವಿಟಮಿನ್ ಡಿ ಲೆಕ್ಕ ನ್ಯಾನೋಗ್ರಾಂನಲ್ಲಿರುತ್ತದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ನ್ಯಾನೋಮೋಲ್‌ನಲ್ಲಿ. ಇಲ್ಲಿಯ 20 ಅಂದರೆ ಅಲ್ಲಿಯ 50. ಲಂಡನ್ನಿನಲ್ಲಿರುವ ತಂಗಿಯ ರಿಪೋರ್ಟಿನಲ್ಲಿ 50 ಇದೆ, ನಿಮ್ಮದರಲ್ಲಿ 22 ಇದೆ ಎಂದರೆ ಇಬ್ಬರದೂ ಹತ್ತಿರ ಹತ್ತಿರ ಒಂದೇ. ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ಪ್ರಕಾರ 20 ನ್ಯಾನೋಗ್ರಾಂ ಇದ್ದರೆ ಬಹುಪಾಲು ಜನರಿಗೆ ಸಾಕು. 12ಕ್ಕಿಂತ ಕೆಳಗಿದ್ದರೆ ಕೊರತೆ.

ಇನ್ನೊಂದು ಮಾತು. ಪರೀಕ್ಷೆಗೆ ಮೊದಲೇ ಬಿ12 ಶುರುಮಾಡಬೇಡಿ. ಒಂದೆರಡು ವಾರ ತಗೊಂಡರೂ ರಕ್ತದಲ್ಲಿ ಅಂಕಿ ಏರಿಬಿಡುತ್ತದೆ, ನಿಜವಾದ ಸ್ಥಿತಿ ಗೊತ್ತಾಗುವುದಿಲ್ಲ.

ಹಂತ 2: ನಮ್ಮ ಊಟದಲ್ಲಿ ಏನು ಕಡಿಮೆ ಎಂದು ನೋಡಿ

ಬಿ12 ಗಿಡಗಳಿಂದ ಬರುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು, ಮೊಸರಿನಿಂದ. ವಯಸ್ಕರಿಗೆ ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು. ಒಂದು ಕಪ್ ಹಾಲಿನಲ್ಲಿ ಸುಮಾರು 1.3 ಇರುತ್ತದೆ. ಊರಲ್ಲಿದ್ದಾಗ ಎರಡು ಹೊತ್ತು ಮೊಸರನ್ನ ಉಣ್ಣುತ್ತಿದ್ದವರು ಇಲ್ಲಿ ಕಾಫಿಗೆ ಬಾದಾಮಿ ಹಾಲು, ಮಧ್ಯಾಹ್ನ ಸ್ಯಾಂಡ್‌ವಿಚ್ ಎಂದು ಬದಲಾಗಿರುತ್ತಾರೆ. ಅಲ್ಲೇ ಬಿ12 ಸೋರಿಹೋಗುತ್ತದೆ. ಬಾದಾಮಿ ಅಥವಾ ಓಟ್ಸ್ ಹಾಲು ಕುಡಿಯುವವರು ಪ್ಯಾಕೆಟ್ಟಿನ ಹಿಂದೆ ಬಿ12 ಸೇರಿಸಿದ್ದಾರೆಯೇ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ, ಗ್ಯಾಸ್ ಮತ್ತು ಆಸಿಡಿಟಿ ಎಂದು ವರ್ಷಗಟ್ಟಲೆ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ನುಂಗುವವರಿಗೆ ಇದು ಇನ್ನೂ ಕಡಿಮೆಯಾಗುತ್ತದೆ. ಅಂಗಾಲು, ಬೆರಳ ತುದಿ ಜೋಮು ಹಿಡಿದ ಹಾಗೆ ಆಗುತ್ತಿದ್ದರೆ ತಡಮಾಡಬೇಡಿ. ಬಿ12 ಕೊರತೆ ನರಗಳಿಗೆ ಪೆಟ್ಟು ಕೊಡುತ್ತದೆ, ಬಹಳ ದಿನ ಬಿಟ್ಟರೆ ಆ ಪೆಟ್ಟು ಪೂರ್ತಿ ವಾಸಿಯಾಗದೆ ಉಳಿಯಬಹುದು.

ದಿನಕ್ಕೆ ಬೇಕಾದ್ದು 2.4, ಡಬ್ಬದ ಮೇಲೆ ನೋಡಿದರೆ 1000 ಎಂದಿರುತ್ತದೆ. ಗಾಬರಿಯಾಗಬೇಡಿ. ನಮ್ಮ ಕರುಳು ಒಂದು ಸಲಕ್ಕೆ ಸ್ವಲ್ಪ ಬಿ12 ಮಾತ್ರ ಹೀರಿಕೊಳ್ಳುತ್ತದೆ. 1000 ಮೈಕ್ರೋಗ್ರಾಂ ಮಾತ್ರೆಯಿಂದ ಒಳಗೆ ಹೋಗುವುದು ಶೇಕಡಾ 1.3ರಷ್ಟು, ಅಂದರೆ ಸುಮಾರು 13 ಮೈಕ್ರೋಗ್ರಾಂ. ಬಿ12ನ ಒಂದು ರೂಪವನ್ನು ಮಿಥೈಲ್‌ಕೋಬಾಲಮಿನ್ ಎಂದು ದುಬಾರಿಯಾಗಿ ಮಾರುತ್ತಾರೆ. ಸಾಮಾನ್ಯ ಸಯನೋಕೋಬಾಲಮಿನ್ ಅಗ್ಗ, ಬೇಗ ಕೆಡುವುದಿಲ್ಲ, ಬಹುತೇಕರಿಗೆ ಅದೇ ಸಾಕು.

ವಿಟಮಿನ್ ಡಿ ಕಥೆ ಬೇರೆ. ನಮ್ಮ ಚರ್ಮದ ಬಣ್ಣಕ್ಕೆ ಅದನ್ನು ತಯಾರಿಸಲು ಬಿಳಿಯರಿಗಿಂತ ಜಾಸ್ತಿ ಬಿಸಿಲು ಬೇಕು. ಶಿಕಾಗೋ, ಡೆಟ್ರಾಯಿಟ್, ಬಾಸ್ಟನ್ ಕಡೆ ಚಳಿಗಾಲದಲ್ಲಿ ಬಿಸಿಲು ಬಂದರೂ ಅದರಲ್ಲಿ ಬೇಕಾದ ಕಿರಣ ಇರುವುದಿಲ್ಲ. ಮೈಯೆಲ್ಲಾ ಜಾಕೆಟ್ ಬೇರೆ. 70 ವರ್ಷದವರೆಗೆ ದಿನಕ್ಕೆ 600 ಐಯು (ವಿಟಮಿನ್ ಡಿ ಅಳೆಯುವ ಮಾನ, 40 ಐಯು ಅಂದರೆ ಒಂದು ಮೈಕ್ರೋಗ್ರಾಂ), ಆಮೇಲೆ 800 ಐಯು ಎಂಬುದು ಇಲ್ಲಿಯ ಅಳತೆ. ಡಾಕ್ಟರು ಹೇಳದೆ ದಿನಕ್ಕೆ 4000 ದಾಟಬಾರದು. ಒಂದು ಒಳ್ಳೆಯ ಸುದ್ದಿ: ಅಮೆರಿಕದಲ್ಲಿ ಮಾರುವ ಹಾಲಿಗೆ ಸಾಮಾನ್ಯವಾಗಿ ಡಿ ಸೇರಿಸಿರುತ್ತಾರೆ, ಕಪ್ಪಿಗೆ ಸುಮಾರು 120 ಐಯು. ಆ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದರೆ ಮೊಸರಿನಲ್ಲೂ ಅದು ಇರುತ್ತದೆ. ಅಂಗಡಿಯ ಮೊಸರಿನಲ್ಲಿ ಇದ್ದೇ ಇರುತ್ತದೆ ಎನ್ನುವ ಹಾಗಿಲ್ಲ. ಬ್ರಿಟನ್ನಿನಲ್ಲಿ ಹಾಲಿಗೆ ಹೀಗೆ ಸೇರಿಸುವ ರೂಢಿ ಇಲ್ಲ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಐಯು, ತಗೊಳ್ಳುವುದನ್ನು ಯೋಚಿಸಿ ಎನ್ನುತ್ತದೆ. ದಕ್ಷಿಣ ಏಷ್ಯಾದವರಿಗೆ ಇದೇ ಮಾತು ವರ್ಷಪೂರ್ತಿ.

ಕಬ್ಬಿಣ ಪರೀಕ್ಷೆಯಿಲ್ಲದೆ ಬೇಡ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವ ಹೆಣ್ಣುಮಕ್ಕಳಿಗೆ, ಬಸುರಿಯರಿಗೆ ಕೊರತೆ ಸಾಮಾನ್ಯ. ಗಂಡಸರಲ್ಲಿ ಕಬ್ಬಿಣ ಕಡಿಮೆಯಾಗಿದೆ ಅಂದರೆ ಮಾತ್ರೆ ನುಂಗಿ ಸುಮ್ಮನಾಗುವ ಹಾಗಿಲ್ಲ, ಎಲ್ಲಾದರೂ ಒಳಗೆ ರಕ್ತ ಹೋಗುತ್ತಿದೆಯೇ ಎಂದು ನೋಡಿಸಬೇಕು.

ಕ್ಯಾಲ್ಸಿಯಂಗೆ ಡಬ್ಬ ಎತ್ತುವ ಮೊದಲು ಅಡುಗೆಮನೆ ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಹಾಲು, ಮೊಸರು ಇದ್ದರೆ ಬಹಳ ಜನರಿಗೆ ಮಾತ್ರೆ ಬೇಕಾಗುವುದೇ ಇಲ್ಲ.

ಇನ್ನು ಉಪ್ಪು. ಊರಿನಲ್ಲಿ ಪ್ಯಾಕೆಟ್ ಉಪ್ಪಿನಲ್ಲಿ ಅಯೋಡಿನ್ ಇರುತ್ತಿತ್ತು, ನಾವು ಯೋಚಿಸುತ್ತಲೇ ಇರಲಿಲ್ಲ. ಇಲ್ಲಿ ಕೋಶರ್ ಉಪ್ಪು, ಗುಲಾಬಿ ಬಣ್ಣದ ಹಿಮಾಲಯನ್ ಉಪ್ಪು, ಸಮುದ್ರದ ಉಪ್ಪು ಎಂದು ಬಳಸುವವರಿಗೆ ಆ ಅಯೋಡಿನ್ ತಪ್ಪಿಹೋಗುತ್ತದೆ. ಡಬ್ಬದ ಮೇಲೆ ಅಯೋಡೈಸ್ಡ್ ಎಂದಿರುವ ಅಗ್ಗದ ಉಪ್ಪನ್ನೇ ತನ್ನಿ. ಮಾತ್ರೆಯ ಖರ್ಚೇ ಇಲ್ಲ.

ಹಂತ 3: ಡಬ್ಬಕ್ಕೆ ಯಾರು ಜವಾಬ್ದಾರಿ ಎಂದು ತಿಳಿದುಕೊಳ್ಳಿ

ಅಮೆರಿಕದ್ದು ಅಂದರೆ ಸರ್ಕಾರ ಮೊದಲೇ ಪರಿಶೀಲಿಸಿ ಒಪ್ಪಿಯೇ ಬಿಟ್ಟಿರುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಡಾಕ್ಟರು ಬರೆದುಕೊಡುವ ಔಷಧಿಗೆ ಅದು ಸಾಮಾನ್ಯವಾಗಿ ನಿಜ. ವಿಟಮಿನ್ ಮಾತ್ರೆ, ಪುಡಿಗಳಂಥ ಸಪ್ಲಿಮೆಂಟಿಗೆ ಅಲ್ಲ. 1994ರ ಕಾನೂನಿನ ಪ್ರಕಾರ ಇವು ಆಹಾರದ ಗುಂಪಿಗೆ ಸೇರುತ್ತವೆ. ಮಾರಾಟಕ್ಕೆ ಬರುವ ಮೊದಲು ಆಹಾರ, ಔಷಧಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಬೇಕಾಗಿಲ್ಲ. ಒಳಗಿರುವುದು ಸುರಕ್ಷಿತ, ಲೇಬಲ್ ನಿಜ ಎಂದು ನೋಡಿಕೊಳ್ಳುವ ಹೊಣೆ ಕಂಪನಿಯದ್ದೇ. ಎಡವಟ್ಟಾದ ಮೇಲೆ ಎಫ್‌ಡಿಎ ಕ್ರಮ ತಗೊಳ್ಳಬಹುದು. "ಎಫ್‌ಡಿಎ ನೋಂದಾಯಿತ ಕಾರ್ಖಾನೆಯಲ್ಲಿ ತಯಾರಾದದ್ದು" ಎಂದು ದೊಡ್ಡದಾಗಿ ಬರೆದಿದ್ದರೆ ಅದು ಕಾರ್ಖಾನೆಯ ನೋಂದಣಿ ಅಷ್ಟೇ, ಮಾತ್ರೆಗೆ ಸಿಕ್ಕ ಒಪ್ಪಿಗೆ ಅಲ್ಲ.

ಹಾಗಾದರೆ ಯಾರನ್ನು ನಂಬೋದು? ಹೊರಗಿನವರು ಪರೀಕ್ಷೆ ಮಾಡಿದ ಗುರುತು ನೋಡಿ. "ಯುಎಸ್‌ಪಿ ವೆರಿಫೈಡ್" ಎಂಬ ಮುದ್ರೆ ಇದ್ದರೆ ಹೇಳಿದ ವಸ್ತು ಹೇಳಿದಷ್ಟೇ ಇದೆ, ಸೀಸದಂಥ ಕಲಬೆರಕೆ ಮಿತಿ ಮೀರಿಲ್ಲ, ಮಾತ್ರೆ ಹೊಟ್ಟೆಯಲ್ಲಿ ಸರಿಯಾಗಿ ಕರಗುತ್ತದೆ ಎಂದರ್ಥ. ಎನ್‌ಎಸ್‌ಎಫ್ ಎಂಬುದೂ ಅಂಥದ್ದೇ ಇನ್ನೊಂದು ಗುರುತು. ನೇಚರ್ ಮೇಡ್ ಮತ್ತು ಕಾಸ್ಟ್ಕೋದ ಕರ್ಕ್‌ಲ್ಯಾಂಡ್ ಡಬ್ಬಗಳಲ್ಲಿ ಹಲವಕ್ಕೆ ಯುಎಸ್‌ಪಿ ಮುದ್ರೆ ಇದೆ, ಎಲ್ಲಕ್ಕೂ ಇಲ್ಲ. ಕಂಪನಿಯ ಹೆಸರು ನೋಡಿ ಬಿಡಬೇಡಿ, ನೀವು ಕೈಗೆತ್ತಿಕೊಂಡ ಡಬ್ಬದ ಮೇಲೆ ಇದೆಯೇ ನೋಡಿ. ಆ ಮುದ್ರೆ ಗುಣಮಟ್ಟ ಹೇಳುತ್ತದೆ. ಆ ಮಾತ್ರೆ ನಿಮಗೆ ಬೇಕೇ ಬೇಡವೇ ಎಂದು ಹೇಳುವುದಿಲ್ಲ.

ಕೆನಡಾದಲ್ಲಿ ಸರ್ಕಾರ ಕೊಡುವ, ಎನ್‌ಪಿಎನ್ ಎಂಬ ಎಂಟು ಅಂಕಿಯ ಸಂಖ್ಯೆ ಇಲ್ಲದ ಡಬ್ಬ ಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ ಆಸ್ಟ್ ಎಲ್, ಆಸ್ಟ್ ಆರ್ ಎಂಬ ಸಂಖ್ಯೆ ಇರುತ್ತದೆ. ಇವೆರಡರಲ್ಲಿ ಆರ್ ಇದ್ದದ್ದನ್ನು ಮಾತ್ರ ಸರ್ಕಾರ ಮೊದಲೇ ಪೂರ್ತಿ ಪರಿಶೀಲಿಸಿರುತ್ತದೆ. ವಿಟಮಿನ್ನುಗಳ ಮೇಲೆ ಸಾಮಾನ್ಯವಾಗಿ ಎಲ್ ಇರುತ್ತದೆ.

ಹಂತ 4: ಡಬ್ಬ ತಿರುಗಿಸಿ, ಹಿಂದೆ ಓದಿ

ಉದಾಹರಣೆಗೆ ವಿಟಮಿನ್ ಡಿ ಡಬ್ಬ ಒಂದನ್ನು ಕೈಗೆ ತಗೊಳ್ಳಿ. ಮುಂದೆ ದಪ್ಪಕ್ಷರದಲ್ಲಿ 5000 ಐಯು, ಕೆಳಗೆ "ಇಮ್ಯೂನ್ ಸಪೋರ್ಟ್", ಒಂದು ಸೂರ್ಯನ ಚಿತ್ರ. ತಿರುಗಿಸಿ. "ಸಪ್ಲಿಮೆಂಟ್ ಫ್ಯಾಕ್ಟ್ಸ್" ಎಂಬ ಚೌಕಟ್ಟು ಸಿಗುತ್ತದೆ. ಮೊದಲ ಸಾಲು ಸರ್ವಿಂಗ್ ಸೈಜ್. ಇಲ್ಲಿ ಒಂದು ಎಂದಿದೆಯೋ ಎರಡು ಎಂದಿದೆಯೋ ನೋಡಿ. ಎರಡು ಎಂದಿದ್ದರೆ ಮುಂದೆ ಬರೆದ ಪ್ರಮಾಣ ಎರಡು ಮಾತ್ರೆಗೆ ಸೇರಿ, 120 ಮಾತ್ರೆಯ ಡಬ್ಬ ಬರುವುದು ಎರಡೇ ತಿಂಗಳು. ಬೆಲೆ ಹೋಲಿಸುವಾಗ ಇದನ್ನೇ ಲೆಕ್ಕಕ್ಕೆ ತಗೋಬೇಕು.

ಮುಂದಿನ ಸಾಲಿನಲ್ಲಿ 125 ಎಂಸಿಜಿ, ಪಕ್ಕದಲ್ಲಿ ಶೇಕಡಾ 625 ಎಂದಿರುತ್ತದೆ. ಎಂಸಿಜಿ ಅಂದರೆ ಮೈಕ್ರೋಗ್ರಾಂ. ವಿಟಮಿನ್ ಡಿಗೆ ಒಂದು ಮೈಕ್ರೋಗ್ರಾಂ ಎಂದರೆ 40 ಐಯು. 25 ಎಂದರೆ 1000 ಐಯು, 50 ಎಂದರೆ 2000, 125 ಎಂದರೆ 5000. ಅಂದರೆ ದಿನದ ಮೇಲ್ಮಿತಿಯನ್ನು ಒಂದೇ ಮಾತ್ರೆ ದಾಟಿತು. ಡಾಕ್ಟರು ಹೇಳದಿದ್ದರೆ ಇದನ್ನು ಇಟ್ಟು 25 ಎಂಸಿಜಿಯ ಡಬ್ಬ ಹುಡುಕಿ. ಬಿ12ನಲ್ಲಿ ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ. ತೀರಾ ಜಾಸ್ತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಸುಸ್ತು, ಕಿಡ್ನಿಗೆ ತೊಂದರೆ.

ಕಬ್ಬಿಣ, ಕ್ಯಾಲ್ಸಿಯಂ ಡಬ್ಬಗಳಲ್ಲಿ ಇನ್ನೊಂದು ಗೊಂದಲ ಇದೆ. ಫೆರಸ್ ಸಲ್ಫೇಟ್ 325 ಮಿಲಿಗ್ರಾಂ ಎಂದರೆ ಅದರಲ್ಲಿ ಕಬ್ಬಿಣ 65 ಮಿಲಿಗ್ರಾಂ ಮಾತ್ರ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಎಂದರೆ ಕ್ಯಾಲ್ಸಿಯಂ 500. ಡಾಕ್ಟರು ಒಂದು ಪ್ರಮಾಣ ಹೇಳಿದರೆ "ಎಲಿಮೆಂಟಲ್ ಲೆಕ್ಕವೇ?", ಅಂದರೆ ಬರೀ ಕಬ್ಬಿಣದ ಅಥವಾ ಕ್ಯಾಲ್ಸಿಯಂನ ತೂಕವೇ, ಎಂದು ಅಲ್ಲೇ ಕೇಳಿ.

"ಪ್ರೊಪ್ರೈಟರಿ ಬ್ಲೆಂಡ್" ಎಂದು ಬರೆದು ಹತ್ತು ಬೇರುಗಳ ಹೆಸರು ಕೊಟ್ಟು ಒಟ್ಟು ತೂಕ ಮಾತ್ರ ಹಾಕಿದ್ದರೆ, ಯಾವುದು ಎಷ್ಟಿದೆ ಎಂದು ನಿಮಗೂ ಗೊತ್ತಾಗುವುದಿಲ್ಲ, ನಿಮ್ಮ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಅಂಥದ್ದು ಬೇಡ. ಒಂದು ಡಬ್ಬದಲ್ಲಿ ಒಂದೇ ವಸ್ತು ಇದ್ದರೆ ಒಳ್ಳೆಯದು. ಮೈಗೆ ಹಿಡಿಸದಿದ್ದರೆ ಯಾವುದರಿಂದ ಎಂದು ತಿಳಿಯುತ್ತದೆ.

ಎಕ್ಸ್‌ಪೈರಿ ದಿನಾಂಕ ಹಾಕಲೇಬೇಕು ಎಂದು ಸಪ್ಲಿಮೆಂಟಿಗೆ ಇಲ್ಲಿ ಕಾನೂನಿಲ್ಲ. ಒಳ್ಳೆಯ ಕಂಪನಿಗಳು ಹಾಕುತ್ತವೆ. ಹಾಕದ ಡಬ್ಬವನ್ನು ಬಿಟ್ಟುಬಿಡಿ.

ಹಂತ 5: ಸಸ್ಯಾಹಾರಿಗಳು ಕಡೆಯ ಸಾಲನ್ನು ಬಿಡಬೇಡಿ

ಭಾರತದಲ್ಲಿ ತಿನ್ನುವ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಕಂಡರೆ ಸಾಕಾಗಿತ್ತು. ಇಲ್ಲಿ ಅಂಥ ಕಡ್ಡಾಯ ಗುರುತಿಲ್ಲ. ಚೌಕಟ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಅದರ್ ಇಂಗ್ರೀಡಿಯೆಂಟ್ಸ್" ಎಂದಿರುತ್ತದೆ. ಅದನ್ನು ಓದಿ. ಜೆಲಟಿನ್ ಎಂದಿದ್ದರೆ ದನ ಅಥವಾ ಹಂದಿಯ ಚರ್ಮ, ಮೂಳೆಯಿಂದ ಬಂದದ್ದು. ಮೆತ್ತಗಿನ, ಹೊಳೆಯುವ ಕ್ಯಾಪ್ಸೂಲುಗಳಲ್ಲಿ ಬಹುಪಾಲು ಇದೇ ಇರುತ್ತದೆ. ಮಕ್ಕಳು ಮಿಠಾಯಿಯಂತೆ ಜಗಿಯುವ ಗಮ್ಮಿಗಳಲ್ಲೂ ಇರುತ್ತದೆ. ಹೈಪ್ರೊಮೆಲೋಸ್, ಸೆಲ್ಯುಲೋಸ್, ಗಮ್ಮಿಯಲ್ಲಾದರೆ ಪೆಕ್ಟಿನ್ ಎಂದಿದ್ದರೆ ಗಿಡದ್ದು. ಕಾರ್ಮೈನ್ ಎಂದರೆ ಹುಳದಿಂದ ತೆಗೆದ ಕೆಂಪು ಬಣ್ಣ.

ಡಬ್ಬಗಳಲ್ಲಿ ಹೆಚ್ಚಾಗಿ ಕಾಣುವ ಡಿ ರೂಪವಾದ ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಹಾಲು ಕುಡಿಯುವವರಲ್ಲಿ ಹಲವರು ಇದನ್ನು ಒಪ್ಪುತ್ತಾರೆ. ಬೇಡ ಅನ್ನುವವರಿಗೆ ಲೈಕೆನ್‌ನಿಂದ, ಅಂದರೆ ಕಲ್ಲುಹೂವಿನ ಜಾತಿಯಿಂದ, ಮಾಡಿದ ಡಿ3 ಸಿಗುತ್ತದೆ. ಒಮೆಗಾ-3 ಬೇಕಾದರೆ ಮೀನೆಣ್ಣೆಯ ಬದಲು ಪಾಚಿಯ ಎಣ್ಣೆ ಕೊಳ್ಳಿ. ಮಂಡಿ ನೋವಿಗೆಂದು ಮಾರುವ ಗ್ಲುಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿಯ ಚಿಪ್ಪಿನದು. ಡಾಕ್ಟರು ವಾರಕ್ಕೊಂದು ಬರೆದುಕೊಡುವ 50,000 ಐಯು ಡಿ ಕ್ಯಾಪ್ಸೂಲಿನಲ್ಲೂ ಜೆಲಟಿನ್ ಇರುವುದೇ ಹೆಚ್ಚು. ಫಾರ್ಮಸಿಸ್ಟರ ಹತ್ತಿರ ಬಿಡಿಸಿ ಕೇಳಿ, ಸಂಕೋಚ ಬೇಡ. ಅವರಿಗೆ ಈ ಪ್ರಶ್ನೆ ಹೊಸದಲ್ಲ.

ಹಂತ 6: ಎಲ್ಲಿ ಕೊಳ್ಳೋದು

ಫಾರ್ಮಸಿ, ಕಾಸ್ಟ್ಕೋ, ಟಾರ್ಗೆಟ್, ಯಾವುದಾದರೂ ಸರಿ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಮಾರುವವರು ಯಾರು ಎಂಬ ಸಾಲು ನೋಡಿ. ಅಂಗಡಿಯ ಹೆಸರು ದೊಡ್ಡದಿದ್ದರೂ ಮಾರುತ್ತಿರುವವರು ಬೇರೆ ಯಾರೋ ಆಗಿರಬಹುದು. ಬಂದ ಡಬ್ಬದ ಸೀಲು ಒಡೆದಿದ್ದರೆ, ಮಾತ್ರೆ ಒಂದಕ್ಕೊಂದು ಅಂಟಿದ್ದರೆ ವಾಪಸ್ ಮಾಡಿ. "ಮೊದಲ ತಿಂಗಳು ಉಚಿತ" ಎಂಬ ಜಾಹೀರಾತಿಗೆ ಕಾರ್ಡ್ ನಂಬರ್ ಕೊಡಬೇಡಿ. ಎಚ್‌ಎಸ್‌ಎ, ಅಂದರೆ ಆರೋಗ್ಯದ ಖರ್ಚಿಗೆಂದು ತೆರಿಗೆಯಿಲ್ಲದೆ ಕೂಡಿಡುವ ಖಾತೆಯ, ದುಡ್ಡಿನಲ್ಲಿ ಸಾಮಾನ್ಯ ಆರೋಗ್ಯಕ್ಕೆಂದು ವಿಟಮಿನ್ ಕೊಳ್ಳುವ ಹಾಗಿಲ್ಲ. ಡಾಕ್ಟರು ಒಂದು ಕಾಯಿಲೆ ಗುರುತಿಸಿ ಅದಕ್ಕೆಂದೇ ಹೇಳಿದ್ದರೆ ಕೊಳ್ಳಬಹುದು, ಅವರಿಂದ ಚೀಟಿ ಬರೆಸಿಟ್ಟುಕೊಳ್ಳಿ.

ಪರಿಚಯದವರೇ ಮಾರಲು ಬಂದಾಗ ಏನು ಮಾಡೋದು? ಕನ್ನಡ ಕೂಟದ ಯುಗಾದಿ ಊಟದಲ್ಲಿ ಪಕ್ಕದಲ್ಲಿ ಕೂತವರು ಫೋನ್ ನಂಬರ್ ತಗೊಂಡು, ವಾರದ ಮೇಲೆ "ಒಂದು ಒಳ್ಳೆ ಪ್ರಾಡಕ್ಟ್ ಇದೆ" ಎಂದು ಕರೆ ಮಾಡುವುದು ಇಲ್ಲಿ ಹೊಸದಲ್ಲ. ಪುಡಿ, ಜ್ಯೂಸು, ಮಾತ್ರೆ, ಜೊತೆಗೆ ನೀವೂ ಸೇರಿ ನಾಲ್ಕು ಜನರನ್ನು ಸೇರಿಸಿ ಎಂಬ ಮಾತು. ಅವರ ಮೇಲೆ ಸಿಟ್ಟು ಬೇಡ, ವೀಸಾ ಕಷ್ಟದಲ್ಲಿ, ಕೆಲಸ ಹೋದ ಹೊತ್ತಿನಲ್ಲಿ ಇದಕ್ಕೆ ಬಿದ್ದವರು ಎಷ್ಟೋ ಜನ. ಆದರೆ ಸ್ನೇಹಕ್ಕೆಂದು ಮಾತ್ರೆ ನುಂಗಬಾರದು. "ನಮ್ಮ ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೆ ಏನೂ ತಗೊಳ್ಳಲ್ಲ, ತಪ್ಪು ತಿಳ್ಕೋಬೇಡಿ" ಎಂದು ಮೊದಲ ಸಲವೇ ಹೇಳಿಬಿಟ್ಟರೆ ಸ್ನೇಹವೂ ಉಳಿಯುತ್ತದೆ.

ಹಂತ 7: ಈಗಾಗಲೇ ತಗೊಳ್ಳುತ್ತಿರುವ ಔಷಧಿಗೆ ಅಡ್ಡ ಬರುತ್ತದೆಯೇ?

ಥೈರಾಯ್ಡ್ ಮಾತ್ರೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ತಗೊಳ್ಳುತ್ತಾರೆ. ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲೇಬೇಕು. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಟಿಎಸ್‌ಎಚ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ, ನಿಜವಾದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ಬೆಳಗ್ಗೆ ಎದ್ದು ಬರೀ ನೀರಿನಲ್ಲಿ ಥೈರಾಯ್ಡ್ ಮಾತ್ರೆ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಕಾಫಿ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ ಎಂದು ಇಟ್ಟುಕೊಂಡರೆ ಸುಲಭ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ಬೇಡ. ನಿಂಬೆ ಪಾನಕದ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ.

ರಕ್ತ ತೆಳುವಾಗಲು ವಾರ್ಫರಿನ್ ತಗೊಳ್ಳುವವರು ವಿಟಮಿನ್ ಕೆ, ವಿಟಮಿನ್ ಇ, ಮೀನೆಣ್ಣೆ, ಅರಿಶಿನದ ಮಾತ್ರೆ ಯಾವುದನ್ನೂ ಕೇಳದೆ ಮುಟ್ಟಬೇಡಿ.

ಕೂದಲಿಗೆಂದು ಮಾರುವ ಬಯೋಟಿನ್ ಬಗ್ಗೆ ಗೊತ್ತಿರಲಿ. ದಿನಕ್ಕೆ ಬೇಕಾದ್ದು 30 ಮೈಕ್ರೋಗ್ರಾಂ, ಡಬ್ಬಗಳಲ್ಲಿ 5,000, 10,000 ಇರುತ್ತದೆ. ಇದು ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿ ತೋರಿಸುತ್ತದೆ, ಥೈರಾಯ್ಡ್ ಅಷ್ಟೇ ಅಲ್ಲ, ಹೃದಯಾಘಾತ ಪತ್ತೆ ಮಾಡುವ ಟ್ರೊಪೋನಿನ್ ಪರೀಕ್ಷೆಯನ್ನೂ. ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ತಗೊಳ್ಳುತ್ತಿದ್ದರೆ ಪರೀಕ್ಷೆಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಕೇಳಿ, ಎಮರ್ಜೆನ್ಸಿಗೆ ಹೋದರೂ ಹೇಳಿ.

ಹಂತ 8: ನಮ್ಮದೇ ಬೇರು, ಪುಡಿ ಎಂದು ನಂಬುವ ಮುನ್ನ

ಸಾರಿಗೆ ಹಾಕುವ ಅರಿಶಿನ ಬೇರೆ, ಕಾಳುಮೆಣಸಿನ ಸಾರ ಸೇರಿಸಿ ಗಟ್ಟಿ ಮಾಡಿದ ಕರ್ಕ್ಯುಮಿನ್ (ಅರಿಶಿನದ ಸತ್ವ) ಕ್ಯಾಪ್ಸೂಲ್ ಬೇರೆ. ಮೆಣಸಿನ ಸಾರ ಇದ್ದರೆ ಅದು ಎಷ್ಟೋ ಪಟ್ಟು ಜಾಸ್ತಿ ರಕ್ತಕ್ಕೆ ಸೇರುತ್ತದೆ. ಇಂಥ ಕ್ಯಾಪ್ಸೂಲಿನಿಂದ ಲಿವರ್‌ಗೆ ಪೆಟ್ಟಾದವರ ವರದಿಗಳು ಅಮೆರಿಕದಲ್ಲಿ ದಾಖಲಾಗಿವೆ. ಅಶ್ವಗಂಧದಿಂದಲೂ ಹಾಗೆ ಆಗಿದೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮೈಯೆಲ್ಲಾ ಕಡಿತ ಬಂದರೆ ಆ ಕ್ಷಣ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ, ಡಬ್ಬವನ್ನೂ ತಗೊಂಡು ಹೋಗಿ. ಬಸುರಿಯರಿಗೆ ಇವೆರಡೂ ಬೇಡ.

ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಬಾಸ್ಟನ್ನಿನ ಸಂಶೋಧಕರು ತರಿಸಿ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಭಾರತದಲ್ಲಿ ಮಾಡಿದ್ದೂ ಅಮೆರಿಕದಲ್ಲಿ ಮಾಡಿದ್ದೂ ಇದರಲ್ಲಿ ಹೆಚ್ಚು ಕಡಿಮೆ ಒಂದೇ. ಭಸ್ಮ, ರಸೌಷಧಿಗಳಲ್ಲಿ ಇದು ಸುಮಾರು ಶೇಕಡಾ 40. ಊರಿಂದ ಬರುವವರ ಕೈಯಲ್ಲಿ ಲೇಬಲ್ಲಿಲ್ಲದ ಪೊಟ್ಟಣ ತರಿಸಬೇಡಿ, ಮಕ್ಕಳಿಗಂತೂ ಖಂಡಿತ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ನೋಡಿಸಿ.

ಹಂತ 9: ಬಸುರಿಯರು, ಎಳೆ ಮಕ್ಕಳು

ಮಗು ಬೇಕೆಂದು ಯೋಚಿಸಿದಾಗಲೇ, ಕಡೇಪಕ್ಷ ಒಂದು ತಿಂಗಳು ಮೊದಲೇ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುವಾಗಬೇಕು. ಬಸುರಿಯರಿಗೆಂದೇ ಮಾಡಿದ ಪ್ರಿನೇಟಲ್ ವಿಟಮಿನ್ ಕೊಳ್ಳುವಾಗ ಹಿಂದೆ ಮೂರು ಸಾಲು ಹುಡುಕಿ: ಫೋಲಿಕ್ ಆಸಿಡ್, ಕಬ್ಬಿಣ, 150 ಮೈಕ್ರೋಗ್ರಾಂ ಅಯೋಡಿನ್. ಗಮ್ಮಿ ರೂಪದ್ದರಲ್ಲಿ ಬಹಳ ಸಲ ಕಬ್ಬಿಣ ಇರುವುದೇ ಇಲ್ಲ. ಸಸ್ಯಾಹಾರಿಗಳು ಬಿ12 ಎಷ್ಟಿದೆ ಎಂದೂ ನೋಡಿ. ಫೋಲಿಕ್ ಆಸಿಡ್ ಜಾಸ್ತಿ ಇದ್ದು ಬಿ12 ಕಡಿಮೆ ಇದ್ದರೆ ರಕ್ತಹೀನತೆ ಮುಚ್ಚಿಹೋಗಿ ನರದ ತೊಂದರೆ ಒಳಗೊಳಗೇ ಮುಂದುವರಿಯಬಹುದು.

ಎದೆಹಾಲು ಕುಡಿಯುವ ಕೂಸಿಗೆ ಹುಟ್ಟಿದ ಕೆಲವೇ ದಿನಗಳಿಂದ 400 ಐಯು ವಿಟಮಿನ್ ಡಿ ಕೊಡಿ ಎಂದು ಇಲ್ಲಿಯ ಮಕ್ಕಳ ಡಾಕ್ಟರು ಹೇಳುತ್ತಾರೆ. ಇಲ್ಲಿ ತುಂಬಾ ಎಚ್ಚರ ಬೇಕು. ಒಂದು ಕಂಪನಿಯ ಬಾಟಲಿಯಲ್ಲಿ ಒಂದೇ ಹನಿಗೆ 400 ಐಯು. ಇನ್ನೊಂದರಲ್ಲಿ ಒಂದು ಮಿಲಿಲೀಟರಿಗೆ 400, ಅಂದರೆ ಡ್ರಾಪರ್ ತುಂಬಾ. ಎರಡೂ ಬಾಟಲಿ ನೋಡಲು ಒಂದೇ ಥರ. ಮೊದಲನೆಯದನ್ನು ಡ್ರಾಪರ್ ತುಂಬಾ ಕೊಟ್ಟರೆ ಕೂಸಿನ ಹೊಟ್ಟೆಗೆ ಹತ್ತಾರು ಪಟ್ಟು ಹೋಗುತ್ತದೆ. ಬಾಣಂತನಕ್ಕೆ ಬಂದ ಅಜ್ಜಿಯರ ಕೈಗೆ ಬಾಟಲಿ ಕೊಡುವ ಮೊದಲು ಅದರ ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸಿ, ಮೊದಲನೆಯ ಥರದ ಬಾಟಲಿಯಾದರೆ: "ದಿನಕ್ಕೆ ಒಂದೇ ಒಂದು ಹನಿ." ಬಾಟಲಿ ಬದಲಾದರೆ ಚೀಟಿಯನ್ನೂ ಬದಲಿಸಿ. ಬೇರೆ ಬಾಟಲಿಯ ಡ್ರಾಪರ್ ಬಳಸಬೇಡಿ.

ಹಂತ 10: ಊರಿಗೆ ಒಯ್ಯುವುದು, ಊರಿಂದ ತರುವುದು

ರಜೆಗೆ ಹೊರಡುವಾಗ ಅಪ್ಪ, ಅಮ್ಮ, ಅತ್ತೆ, ಮಾವನಿಗೆಂದು ಡಬ್ಬ ತುಂಬಿಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಪ್ರೀತಿಯಿಂದಲೇ ಒಯ್ಯುತ್ತೇವೆ. ಒಯ್ಯುವ ಮುಂಚೆ ಒಂದು ಫೋನ್ ಮಾಡಿ: "ಅಮ್ಮ, ನೀವಿಬ್ಬರೂ ತಗೊಳ್ಳೋ ಮಾತ್ರೆ ಎಲ್ಲಾ ಟೇಬಲ್ ಮೇಲೆ ಹರಡಿ, ಹೆಸರು ಕಾಣೋ ಹಾಗೆ ಒಂದು ಫೋಟೋ ಕಳ್ಸಮ್ಮ." ಆ ಫೋಟೋದಲ್ಲಿ ಶೆಲ್‌ಕಾಲ್, ನ್ಯೂರೋಬಿಯಾನ್ ಜೊತೆ 60,000 ಐಯು ಡಿ3 ಕ್ಯಾಪ್ಸೂಲ್ ಕಂಡರೂ ಆಶ್ಚರ್ಯವಿಲ್ಲ. ಅದು ವಾರಕ್ಕೊಂದರಂತೆ ಕೆಲವು ವಾರಗಳ ಚಿಕಿತ್ಸೆಗೆ ಕೊಡುವ ಪ್ರಮಾಣ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 8,570. ಅದರ ಮೇಲೆ ನೀವು ಒಯ್ದ 5000 ಐಯು ದಿನವೂ ನುಂಗಿದರೆ ಲೆಕ್ಕ 13,500 ದಾಟುತ್ತದೆ. ಕೋರ್ಸ್ ಮುಗಿದ ಮೇಲೂ ಚೀಟಿ ತೋರಿಸಿ ಅದನ್ನೇ ಮತ್ತೆ ತರುತ್ತಿದ್ದಾರೆಯೇ ಎಂದೂ ವಿಚಾರಿಸಿ. ಬಿ12, ಡಿ, ಕ್ಯಾಲ್ಸಿಯಂ ಬೆಂಗಳೂರಿನಲ್ಲಿ, ತಾಲ್ಲೂಕು ಊರುಗಳಲ್ಲಿ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತವೆ, ಅವರ ಡಾಕ್ಟರಿಗೂ ಅವು ಪರಿಚಯ. ಸೂಟ್‌ಕೇಸಿನ ಜಾಗವನ್ನು ಬೇರೆಯದಕ್ಕೆ ಇಟ್ಟುಕೊಳ್ಳಿ.

ಅವರೇ ಇಲ್ಲಿಗೆ ಬರುವಾಗ ಔಷಧಿಗಳನ್ನು ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪು, ಬಾಟಲಿಯಲ್ಲೇ ತರಲಿ, ಒಂದು ಡಬ್ಬಕ್ಕೆ ಬಿಚ್ಚಿ ಸುರಿಯಬಾರದು. ಜೊತೆಗೆ ಇಂಗ್ಲಿಷಿನಲ್ಲಿ ಡಾಕ್ಟರ ಚೀಟಿ ಇರಲಿ. ಸ್ವಂತ ಬಳಕೆಗೆ ಸಾಮಾನ್ಯವಾಗಿ ಮೂರು ತಿಂಗಳಿಗಾಗುವಷ್ಟು ಎಂಬುದು ಎಫ್‌ಡಿಎ ಹೇಳುವ ಅಳತೆ.

ಹಂತ 11: ಮನೆಯಲ್ಲಿ ಇಡುವುದು, ತೊಂದರೆಯಾದರೆ ಮಾಡುವುದು

ಫೋನಿನಲ್ಲಿ ಒಂದು ಪಟ್ಟಿ ಮಾಡಿ: ಹೆಸರು, ಪ್ರಮಾಣ, ಯಾವಾಗಿನಿಂದ. ಡಾಕ್ಟರು "ಯಾವ ಔಷಧಿ ತಗೊಳ್ಳುತ್ತೀರಿ?" ಎಂದಾಗ ವಿಟಮಿನ್, ಪುಡಿ, ಕಷಾಯ ಎಲ್ಲವನ್ನೂ ಹೇಳಿ. ಶುರುಮಾಡಿದ ಎರಡು ಮೂರು ತಿಂಗಳಿಗೆ ಮತ್ತೆ ಪರೀಕ್ಷೆ ಬೇಕೇ, ಯಾವಾಗ ನಿಲ್ಲಿಸಬೇಕು ಎಂದು ಅವತ್ತೇ ಕೇಳಿಟ್ಟುಕೊಳ್ಳಿ.

ಡಬ್ಬಗಳು ಒಲೆಯ ಪಕ್ಕ ಬೇಡ, ಬಾತ್‌ರೂಮಿನಲ್ಲೂ ಬೇಡ. ಮಕ್ಕಳಿರುವ ಮನೆಯಲ್ಲಿ ಎತ್ತರದ, ಬೀಗ ಹಾಕುವ ಕಪಾಟಿನಲ್ಲಿಡಿ. ಗಮ್ಮಿಯನ್ನು ಚಾಕ್ಲೇಟ್ ಎಂದು ಹೇಳಿ ಕೊಡಬೇಡಿ. ಕಬ್ಬಿಣದ ಮಾತ್ರೆ ಅತಿಯಾಗಿ ನುಂಗಿ ಆರು ವರ್ಷದೊಳಗಿನ ಮಕ್ಕಳು ಸತ್ತಿದ್ದಾರೆ, ಆ ಎಚ್ಚರಿಕೆ ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ. ಮಗು ಒಂದು ಹಿಡಿ ಬಾಯಿಗೆ ಹಾಕಿಕೊಂಡಿತು ಎಂದರೆ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬ ಕೈಯಲ್ಲಿ ಹಿಡಿದು 1-800-222-1222ಗೆ ಕರೆ ಮಾಡಿ. ಇದು ಅಮೆರಿಕದ ಪಾಯ್ಸನ್ ಹೆಲ್ಪ್ ಸಂಖ್ಯೆ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ದುಭಾಷಿ ಬೇಕೆಂದೂ ಕೇಳಬಹುದು. ಮಗು ಮಂಕಾಗಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ನೇರ 911. ಪಾಯ್ಸನ್ ಹೆಲ್ಪ್ ಸಂಖ್ಯೆಯನ್ನು ಫ್ರಿಡ್ಜ್ ಮೇಲೆ ಬರೆದು ಅಂಟಿಸಿ, ಮನೆಗೆ ಬಂದಿರುವ ಅಜ್ಜ ಅಜ್ಜಿಯ ಫೋನಿನಲ್ಲೂ ಹಾಕಿಕೊಡಿ.